ಚಿಕ್ಕಬೆಟ್ಟದ ಬಂಡೆಗಳು ಹೇಳುವ ಶ್ರವಣಬೆಳಗೊಳ

ಹಾಸನ ಜಿಲ್ಲೆಯ ಶ್ರವಣಬೆಳಗೊಳ ಎರಡು ಬೆಟ್ಟಗಳ ನಡುವಿನ ಸಣ್ಣ ಊರು. ಅದರ ಕೀರ್ತಿಯೆಲ್ಲ ದೊಡ್ಡಬೆಟ್ಟದ ಗೊಮ್ಮಟನದು; ಪ್ರಾಚೀನ ಚರಿತ್ರೆ ಮಾತ್ರ ಎದುರಿನ ಚಿಕ್ಕಬೆಟ್ಟದ್ದು. ಗೊಮ್ಮಟನನ್ನು ಕಡೆಯುವ ವೇಳೆಗಾಗಲೇ ಈ ಬೆಟ್ಟ ಮೂರು ಶತಮಾನಗಳಿಗೂ ಹೆಚ್ಚು ಕಾಲದಿಂದ ತೀರ್ಥವಾಗಿತ್ತು.

ಶಾಸನಗಳಲ್ಲಿ ಚಿಕ್ಕಬೆಟ್ಟಕ್ಕೆ ಕಟವಪ್ರ, ಕಳ್ಬಪ್ಪು ಎಂಬ ಹೆಸರುಗಳಿವೆ. ಪಾರ್ಶ್ವನಾಥ ಬಸದಿಯ ಬಳಿಯ ಬಂಡೆಯಲ್ಲಿರುವ, ಸುಮಾರು ಕ್ರಿ.ಶ. 600ರ ಸಂಸ್ಕೃತ ಶಾಸನವೇ ಇಲ್ಲಿ ಅತ್ಯಂತ ಹಳೆಯದು. ಉಜ್ಜಯಿನಿಯಲ್ಲಿ ಜೈನಮುನಿ ಭದ್ರಬಾಹು ಹನ್ನೆರಡು ವರ್ಷಗಳ ಕ್ಷಾಮವನ್ನು ಮುಂಗಂಡದ್ದು, ಜೈನಸಂಘ ದಕ್ಷಿಣಕ್ಕೆ ಬಂದದ್ದು, ಆಚಾರ್ಯ ಪ್ರಭಾಚಂದ್ರರು ಕಟವಪ್ರದಲ್ಲಿ ದೇಹತ್ಯಾಗ ಮಾಡಿದ್ದು, ಕಾಲಕ್ರಮದಲ್ಲಿ ಏಳುನೂರು ಋಷಿಗಳು ಅದೇ ಹಾದಿ ಹಿಡಿದದ್ದು ಅದರಲ್ಲಿವೆ. ಈ ಪ್ರಭಾಚಂದ್ರನೇ ಚಂದ್ರಗುಪ್ತ ಮೌರ್ಯನೆಂಬುದು ಪರಂಪರೆಯ ನಂಬಿಕೆ. ಈ ಶಾಸನವಂತೂ ಮೌರ್ಯ ದೊರೆಯ ಮಾತೆತ್ತುವುದಿಲ್ಲ. ಕಥೆಗೆ ಶಿಲ್ಪರೂಪ ಸಿಕ್ಕಿದ್ದು ಬಹಳ ತಡವಾಗಿ: ಚಂದ್ರಗುಪ್ತ ಬಸದಿಯ ಜಾಲಂಧ್ರಗಳಲ್ಲಿ ಅದನ್ನು ಕಂಡರಿಸಿದವನು ಹೊಯ್ಸಳರ ಕಾಲದ ದಾಸೋಜ.

ಏಳು, ಎಂಟನೆಯ ಶತಮಾನಗಳ ನಿಸಿದಿ ಶಾಸನಗಳು, ಅಂದರೆ ವ್ರತದಿಂದ ದೇಹಬಿಟ್ಟವರ ಸ್ಮಾರಕ ಬರಹಗಳು, ಕನ್ನಡದವು. ಹೆಚ್ಚಿನವು ಮೂರು ನಾಲ್ಕು ಸಾಲು. ಯಾರು, ಯಾರ ಶಿಷ್ಯರು, ಹೇಗೆ ಮುಡಿಪಿದರು (ತೀರಿಕೊಂಡರು) ಎಂಬಷ್ಟೇ ವಿವರ. ಚಿತ್ತೂರಿನ ಮೌನಿಗುರುಗಳ ಶಿಷ್ಯೆ ನಾಗಮತಿ ಗಂತಿಯರು ಮೂರು ತಿಂಗಳು ವ್ರತ ನೋಂತು ಮುಡಿಪಿದ್ದು ಹೀಗೆಯೇ ದಾಖಲಾಗಿದೆ. ನಂದಿಸೇನ ಮುನಿಯ ಶಾಸನ ಮಾತ್ರ ಬೇರೆಯೇ ಎತ್ತರದ್ದು. ರೂಪ, ಸಿರಿ, ಅಧಿಕಾರಗಳು ಕಾಮನಬಿಲ್ಲು, ಮಿಂಚು, ಮಂಜಿನಂತೆ ಕರಗುತ್ತವೆ ಎನ್ನುವ ಆ ಪದ್ಯ ಕನ್ನಡದ ಅತಿ ಹಳೆಯ ಒಳ್ಳೆಯ ಕವಿತೆಗಳಲ್ಲಿ ಒಂದು. ರಾಜರ ಪ್ರಶಸ್ತಿಗಳಿಗಿಂತ ಮೊದಲು ಸನ್ಯಾಸಿಗಳ ಸಾವು ಬರೆಸಿಕೊಂಡ ಬೆಟ್ಟ ಇದು.

ಅರಸರ ಸರದಿ ಹತ್ತನೆಯ ಶತಮಾನದ್ದು. 974ರಲ್ಲಿ ಬಂಕಾಪುರದಲ್ಲಿ ಸಲ್ಲೇಖನದಿಂದ, ಅಂದರೆ ಆಹಾರ ತೊರೆಯುವ ವ್ರತದಿಂದ, ತೀರಿಕೊಂಡ ಗಂಗ ಮಾರಸಿಂಹನ ಸ್ಮಾರಕವಾಗಿ ಚಿಕ್ಕಬೆಟ್ಟದಲ್ಲಿ ಕೂಗೆ ಬ್ರಹ್ಮದೇವರ ಕಂಬ ನಿಂತಿತು. ರಾಷ್ಟ್ರಕೂಟರ ಕೊನೆಯ ಕುಡಿ ನಾಲ್ಕನೆಯ ಇಂದ್ರ ರಾಜ್ಯವಿಲ್ಲದವನಾಗಿ 982ರಲ್ಲಿ ಇಲ್ಲಿಯೇ ಸಲ್ಲೇಖನ ಕೈಗೊಂಡ. ಸರಿಸುಮಾರು ಅದೇ ಹೊತ್ತಿಗೆ ಗಂಗರ ಮಂತ್ರಿ ಚಾವುಂಡರಾಯ ದೊಡ್ಡಬೆಟ್ಟದ ನೆತ್ತಿಯ ಬಂಡೆಯಲ್ಲಿ ಸುಮಾರು 58 ಅಡಿಯ ಗೊಮ್ಮಟನನ್ನು ಕಡೆಸಿದ. ಮೂರ್ತಿಯ ಪಾದದ ಬಳಿ ಅವನ ಹೆಸರು ಕನ್ನಡ, ತಮಿಳು, ಮರಾಠಿಗಳಲ್ಲಿದೆ. ಸುತ್ತಾಲಯ ಕಟ್ಟಿಸಿದ ಹೊಯ್ಸಳ ದಂಡನಾಯಕ ಗಂಗರಾಜನ ಹೆಸರೂ ಅಲ್ಲಿಯೇ ಇದೆ.

ಮುಂದೆ ಕಟ್ಟಡದ ಕೆಲಸ ಬೆಟ್ಟದಿಂದ ಊರೊಳಗೂ ಇಳಿಯಿತು. ಭಂಡಾರಿ ಹುಳ್ಳ 1159ರಲ್ಲಿ ಭಂಡಾರಿ ಬಸದಿಯನ್ನು, ಮಂತ್ರಿ ಚಂದ್ರಮೌಳಿಯ ಹೆಂಡತಿ ಆಚಿಯಕ್ಕ 1181ರಲ್ಲಿ ಅಕ್ಕನ ಬಸದಿಯನ್ನು ಕಟ್ಟಿಸಿದರು.