ಹದಿನೇಳು ಸಾಲಿನ ಲಾಗ್ ಬುಕ್

(1/6)
ಹೋದ ವಾರ ಕೋಗಿಲು ಮನೆ ಟೆರೇಸ್ ಮೇಲಿನ ತಂತಿ ಫೋಟೋ ಹಾಕಿದ್ದೆ. "ಬಟ್ಟೆ ಒಣಗಿಸೋದಾ ಗುರು?" ಅಂತ ಅರ್ಧ ಕ್ಲಾಸ್ ಕೇಳ್ತು. ಓನರ್ ಆಂಟಿನೂ ಅದನ್ನೇ ಕೇಳಿದ್ರು. ಅಲ್ಲ, ಅದು ಹ್ಯಾಮ್ ರೇಡಿಯೋ ಆಂಟೆನಾ. ಎರಡು ಕಡೆಗೂ ಸುಮಾರು 5 ಮೀಟರ್ ತಂತಿ, ಅಷ್ಟೇ. ಅದರಲ್ಲೇ ಇಟಲಿ, ಜಪಾನ್ ಜೊತೆ ಮಾತಾಡಿದೀನಿ. ನೆಟ್ ಬೇಡ, ಸಿಮ್ ಬೇಡ. ಇದರಲ್ಲೂ ಪಂದ್ಯ ಇದೆ, ಅದಕ್ಕೆ ಕಾಂಟೆಸ್ಟ್ ಅಂತಾರೆ. ಅದು ಹೇಗೆ ಬಂತು, ನೀವು ಎಲ್ಲಿಂದ ಶುರು ಮಾಡ್ಬೇಕು ಅನ್ನೋದೇ ಈ ಸರಣಿ.

(2/6)
1923ರ ನವೆಂಬರ್‌ನಲ್ಲಿ ಅಮೆರಿಕ ಮತ್ತು ಫ್ರಾನ್ಸ್‌ನ ಹವ್ಯಾಸಿಗಳು ಮೊದಲ ಸಲ ಅಟ್ಲಾಂಟಿಕ್ ದಾಟಿ ಪರಸ್ಪರ ಮಾತಾಡಿದ್ರು, ಮೋರ್ಸ್ ಕೋಡ್‌ನಲ್ಲಿ. ದೂರ ಮುಟ್ಟೋದು ಸಾಧ್ಯ ಅಂತ ಗೊತ್ತಾದ್ಮೇಲೆ ಮುಂದಿನ ಪ್ರಶ್ನೆ ಏನು? ಯಾರು ಎಷ್ಟು ಜನರನ್ನ ಮುಟ್ತಾರೆ! 1927ರಲ್ಲಿ ಅಮೆರಿಕದ ಹವ್ಯಾಸಿಗಳ ಸಂಘ ಅಂತರರಾಷ್ಟ್ರೀಯ ಸ್ಪರ್ಧೆ ನಡೆಸ್ತು. ಇವತ್ತಿನ ದೊಡ್ಡ ಹಬ್ಬ ಸಿಕ್ಯೂ ವರ್ಲ್ಡ್ ವೈಡ್ ಶುರುವಾಗಿದ್ದು 1948ರಲ್ಲಿ.

(3/6)
ನಮ್ಮ ಕಡೆ? ಭಾರತದ ಮೊದಲ ಹ್ಯಾಮ್ ಅಮರೇಂದ್ರ ಚಂದ್ರ ಗೂಪ್ತು, 1921. ನಮ್ಮ ಮೈಸೂರಿನಲ್ಲಿ ಮಹಾರಾಜ ಕಾಲೇಜಿನ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಿಂದಲೇ ರೇಡಿಯೋ ಪ್ರಸಾರ ಶುರು ಮಾಡಿದ್ರು. ಅದಕ್ಕೆ ಇಟ್ಟ ಹೆಸರು ಆಕಾಶವಾಣಿ. ಕರೆಸಂಕೇತ ವಿಯು6ಎಎಚ್. ಆ 'ವಿಯು' ಇವತ್ತಿಗೂ ನಮ್ಮ ಹ್ಯಾಮ್‌ಗಳ ಹೆಸರಿನ ಮುಂದೆ ಇದೆ, ವಿಯು2, ವಿಯು3 ಅಂತ. 1939ರಲ್ಲಿ ಯುದ್ಧ ಬಂದಾಗ ಬ್ರಿಟಿಷ್ ಸರ್ಕಾರ ಹವ್ಯಾಸಿಗಳ ಪ್ರಸಾರ ಯಂತ್ರಗಳನ್ನ ಪೊಲೀಸರಿಗೆ ಒಪ್ಪಿಸಿ ಅಂತು. ಅಂದ್ರೆ ನಾವು ಇವತ್ತು ಆರಾಮಾಗಿ ಮಾಡೋ ಹವ್ಯಾಸ ಒಂದು ಆದೇಶದಲ್ಲಿ ನಿಂತು ಹೋಗಿತ್ತು. ಮರೀಬೇಡಿ.

(4/6)
"ಸರಿ, ಆದ್ರೆ ಯಾರಿಗೆ ಉಪಯೋಗ?" ಅಂತ ನಮ್ಮಪ್ಪನೂ ಕೇಳಿದ್ರು. 2004ರ ಡಿಸೆಂಬರ್‌ನಲ್ಲಿ ಭಾರತಿ ಪ್ರಸಾದ್ ಅವರ ತಂಡ ಪೋರ್ಟ್ ಬ್ಲೇರ್‌ನಲ್ಲಿ ಕೂತು, ಹ್ಯಾಮ್‌ಗಳಿಗೆ ಅಪರೂಪವಾದ ಅಂಡಮಾನ್‌ನಿಂದ ಜಗತ್ತಿನ ಜೊತೆ ಮಾತಾಡ್ತಿತ್ತು. ಡಿಸೆಂಬರ್ 26ರಂದು ಸುನಾಮಿ ಬಂತು. ಹವ್ಯಾಸಕ್ಕೆ ಅಂತ ಒಯ್ದಿದ್ದ ಅದೇ ರೇಡಿಯೋಗಳಲ್ಲಿ ದ್ವೀಪದ ಸುದ್ದಿ ಹೊರಗೆ ಬಂತು. ಗದ್ದಲದ ನಡುವೆ ಒಂದು ಹೆಸರು, ಒಂದು ನಂಬರ್ ತಪ್ಪಿಲ್ಲದೆ ಕೇಳಿಸಿಕೊಳ್ಳೋದೇ ಕಾಂಟೆಸ್ಟ್ ಕಲಿಸೋ ಪಾಠ.

ಮುಂದಿನ ವರ್ಷ, 2005ರ ಮೇ 5ರಂದು ಇಸ್ರೋ ಹ್ಯಾಮ್‌ಸ್ಯಾಟ್ ಹಾರಿಸ್ತು, ಬರೀ ಹವ್ಯಾಸಿಗಳಿಗೋಸ್ಕರ. ತೂಕ 42.5 ಕೆಜಿ. ಅದರ ಎರಡು ಟ್ರಾನ್ಸ್‌ಪಾಂಡರ್‌ಗಳಲ್ಲಿ ಒಂದನ್ನ ಮಾಡಿದ್ದು ನೆದರ್‌ಲ್ಯಾಂಡ್ಸ್‌ನ ಒಬ್ಬ ವಿದ್ಯಾರ್ಥಿ. ವಿದ್ಯಾರ್ಥಿ ಕಣ್ರೋ!

(5/6)
ಈಗ ಶುರು ಮಾಡೋದು ಹೇಗೆ? ಮೊದಲು ಕಿವಿ ಕೊಟ್ಟು ಕೇಳಿ, ಆಮೇಲೆ ಲೈಸೆನ್ಸ್. 12 ವರ್ಷ ತುಂಬಿದ್ರೆ ಸಾಕು, ಸಂವಹನ ಸಚಿವಾಲಯದ ಪರೀಕ್ಷೆ ಬರೀಬಹುದು. ರಿಸ್ಟ್ರಿಕ್ಟೆಡ್ ದರ್ಜೆಗೆ ಮೋರ್ಸ್ ಬೇಡ. ಲೈಸೆನ್ಸ್ ಇಲ್ದೆ ಮೈಕ್ ಒತ್ತೋ ಹುಚ್ಚು ಮಾತ್ರ ಬೇಡ, ನಮ್ಮ ಪಕ್ಕದಲ್ಲೇ ಯಲಹಂಕ ವಾಯುನೆಲೆ ಇದೆ.

ಸಿಕ್ಯೂ ವರ್ಲ್ಡ್ ವೈಡ್‌ನ ಧ್ವನಿ ಸ್ಪರ್ಧೆ ಅಕ್ಟೋಬರ್‌ನ ಕೊನೆಯ ವಾರಾಂತ್ಯ. ನಮ್ಮ ಟೈಮಲ್ಲಿ ಶನಿವಾರ ಬೆಳಗ್ಗೆ 5:30ರಿಂದ 48 ಗಂಟೆ. ನೀವು ಹೇಳಬೇಕಾದ್ದು ಇಷ್ಟೇ: ನಿಮ್ಮ ಕರೆಸಂಕೇತ, ಆಮೇಲೆ "59 22". 59 ಸಿಗ್ನಲ್ ವರದಿ, 22 ನಮ್ಮ ವಲಯ. ಇಟಲಿ ಸಿಕ್ರೆ 3 ಪಾಯಿಂಟ್, ಏಷ್ಯಾದೊಳಗಿನ ಜಪಾನ್‌ಗೆ 1, ನಮ್ಮದೇ ದೇಶಕ್ಕೆ ಸೊನ್ನೆ. ಆದ್ರೂ ಮೊದಲ ಭಾರತೀಯ ಸಂಪರ್ಕ ಬಿಡ್ಬೇಡಿ. ಪ್ರತಿ ಬ್ಯಾಂಡ್‌ನಲ್ಲೂ ಹೊಸ ದೇಶ, ಹೊಸ ವಲಯ ಎಣಿಸಿ, ಆ ಮೊತ್ತದಿಂದ ಪಾಯಿಂಟ್‌ಗಳನ್ನ ಗುಣಿಸ್ತಾರೆ.

(6/6)
ಈಗ ನನ್ನ ಕಥೆ. ಮೊದಲ ಕಾಂಟೆಸ್ಟ್‌ನಲ್ಲಿ ಎರಡು ದಿನ ಕೂತು ನಂಗೆ ಸಿಕ್ಕಿದ್ದು 17 ಸಂಪರ್ಕ. ಸಾವಿರಗಟ್ಟಲೆ ಮಾಡೋರಿದ್ದಾರೆ. ಸಾಲದ್ದಕ್ಕೆ, ಲಾಗ್‌ನಲ್ಲಿ ಯುಟಿಸಿ ಸಮಯ ಬರೀಬೇಕಿತ್ತು, ನಾನು ಗೋಡೆ ಗಡಿಯಾರ ನೋಡ್ಕೊಂಡು ಬರೆದಿದ್ದೆ. ಹದಿನೇಳಕ್ಕೆ ಹದಿನೇಳೂ ಐದೂವರೆ ಗಂಟೆ ತಪ್ಪು! ಬಿಕಾಂ ಓದೋನು ನಾನು, ಎಂಟ್ರಿಯಲ್ಲೇ ಎಡವಟ್ಟು. ನಾಚಿಕೆಯಾಗಿ ಕಳಿಸೋದೇ ಬೇಡ ಅಂದ್ಕೊಂಡೆ.

ಪರಿಚಯದ ಹಿರಿಯ ಹ್ಯಾಮ್ ಒಬ್ಬರಿಗೆ ಹೇಳಿದೆ. ಅವರು ನಗಲಿಲ್ಲ. "ಆ ಹದಿನೇಳು ಜನರ ಲಾಗ್‌ನಲ್ಲಿ ನಿನ್ನ ಹೆಸರಿದೆ ಅಲ್ವೇನೋ? ಅವರದ್ದನ್ನ ತಾಳೆ ನೋಡೋಕೆ ನಿನ್ನದೂ ಬೇಕು. ಕಳ್ಸು" ಅಂದ್ರು.

ಆಗ ಅರ್ಥ ಆಯ್ತು, ಇದು ನಮ್ಮ ಬ್ಯಾಂಕ್ ರಿಕನ್ಸಿಲಿಯೇಷನ್ ಥರಾನೇ. ನಮ್ಮ ಪುಸ್ತಕ, ಅವರ ಪುಸ್ತಕ, ಎರಡೂ ಟ್ಯಾಲಿ ಆಗ್ಬೇಕು. ಹೊಸಬರು ನಾಚ್ಕೊಂಡು ಲಾಗ್ ಮುಚ್ಚಿಟ್ರೆ, ಎದುರಿನವರ ಪುಸ್ತಕದಲ್ಲಿ ನಾವು ತಾಳೆಯಾಗದ ಎಂಟ್ರಿ ಆಗಿ ಉಳೀತೀವಿ. ರಾತ್ರಿ ಕೂತು ಹದಿನೇಳು ಸಾಲಿಂದನೂ ಐದೂವರೆ ಗಂಟೆ ಕಳೆದೆ, ಕಳಿಸಿದೆ.

ಬರೋ ಅಕ್ಟೋಬರ್‌ಗೆ ಟೆರೇಸ್ ಮೇಲೆ ಇನ್ನೊಂದು ಕುರ್ಚಿ ಹಾಕಿರ್ತೀನಿ. ಕೇಳೋಕಾದ್ರೂ ಬನ್ನಿ. ಯುಟಿಸಿ ಗಡಿಯಾರ ಇಟ್ಟಿದೀನಿ. ತಂತಿ ಮೇಲೆ ಆಂಟಿ ಸೀರೆ ಇದ್ರೆ ಮಾತ್ರ ಸ್ವಲ್ಪ ಕಾಯ್ಬೇಕಾಗುತ್ತೆ 😄

#ಹ್ಯಾಮ್‌ರೇಡಿಯೋ #ಕೋಗಿಲು #ಯಲಹಂಕ