ಮಾಜಿ ಸೈನಿಕರು, ಟೆರಿಟೋರಿಯಲ್ ಆರ್ಮಿ, ಅಗ್ನಿವೀರರು: ಶಿಕ್ಷಣ ಸಹಾಯ ಯಾರಿಗೆ, ಎಷ್ಟು?

ಜೂನ್ ತಿಂಗಳು ಬಂತೆಂದರೆ ನಮ್ಮ ಧರ್ಮಕೇಂದ್ರಗಳ ಕಚೇರಿಗೆ ಶಾಲಾ ಕಾಲೇಜು ಫೀಸಿನ ಸಹಾಯ ಕೋರಿ ಅರ್ಜಿಗಳು ಬರತೊಡಗುತ್ತವೆ. ಸಂತ ವಿನ್ಸೆಂಟ್ ದಿ ಪಾವ್ಲ್ ಸಭೆಯವರೂ ವಾಳೆಯ ಗುರ್ಕಾರರೂ ಕುಳಿತು ಯಾರಿಗೆ ಎಷ್ಟು ಕೊಡುವುದೆಂದು ಲೆಕ್ಕ ಹಾಕುತ್ತಾರೆ. ಹೀಗೆ ಲೆಕ್ಕ ಹಾಕುವಾಗ ಒಮ್ಮೆ ಒಬ್ಬ ವಿಧವೆ ತಾಯಿ ಇಬ್ಬರು ಹೆಣ್ಣುಮಕ್ಕಳೊಂದಿಗೆ ಬಂದಿದ್ದರು. ದೊಡ್ಡವಳು ಬಿ.ಎಸ್ಸಿ. ನರ್ಸಿಂಗ್ ಎರಡನೇ ವರ್ಷ, ಚಿಕ್ಕವಳು ಪಿಯುಸಿ. "ಫಾದರ್, ಇವರ ಅಪ್ಪ ಮಿಲಿಟರಿಯಲ್ಲಿ ಇದ್ದದ್ದು. ಪೆನ್ಶನ್ ಸ್ವಲ್ಪ ಬರ್ತದೆ. ಅದು ಬಿಟ್ಟು ಬೇರೆ ಏನುಂಟು ಅಂತ ನಮಗೆ ಗೊತ್ತಿಲ್ಲ" ಎಂದರು. ಗಂಡ ನಾಯಕ್ ಹುದ್ದೆಯಲ್ಲಿ ನಿವೃತ್ತರಾದವರು. ದೊಡ್ಡ ಮಗಳಿಗೆ ನಾಲ್ಕು ವರ್ಷಕ್ಕೆ ಒಟ್ಟು 1,44,000 ರೂ. ತನಕ ಸಿಗಬಹುದಾಗಿದ್ದ ಒಂದು ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವ ಕಾಲ ಆಗಲೇ ಮುಗಿದುಹೋಗಿತ್ತು. ಅದು ಮೊದಲ ವರ್ಷದಲ್ಲೇ ಕೇಳಬೇಕಾದ ಸಹಾಯ.

ಇಂಥ ಕುಟುಂಬಗಳು ನಮ್ಮ ಕರಾವಳಿಯಲ್ಲಿ ಅಲ್ಲಲ್ಲಿ ಇವೆ. ಅವರಿಗೂ ಅವರಿಗೆ ದಾರಿ ತೋರಿಸುವ ಧರ್ಮಕೇಂದ್ರದ ಕಾರ್ಯಕರ್ತರಿಗೂ ಉಪಯೋಗವಾಗಲಿ ಎಂದು ಮುಖ್ಯ ಯೋಜನೆಗಳನ್ನು ಇಲ್ಲಿ ಹೋಲಿಸಿ ಕೊಡಲಾಗಿದೆ.

ಮೊದಲು: 'ಮಾಜಿ ಸೈನಿಕ' ಎಂದರೆ ಯಾರು?

ಸಮವಸ್ತ್ರ ಹಾಕಿದವರೆಲ್ಲ ಸರಕಾರದ ಲೆಕ್ಕದಲ್ಲಿ ಮಾಜಿ ಸೈನಿಕರಲ್ಲ. ಭೂಸೇನೆ, ನೌಕಾಪಡೆ, ವಾಯುಪಡೆಗಳಲ್ಲಿ ಸೇವೆ ಮಾಡಿ ಪಿಂಚಣಿಯೊಂದಿಗೆ ನಿವೃತ್ತರಾದವರು ಖಂಡಿತ ಮಾಜಿ ಸೈನಿಕರು. ಸೇವೆಯ ಕಾರಣದಿಂದ ಅಂಗವಿಕಲರಾಗಿ ಹೊರಬಂದವರೂ ಸೇರುತ್ತಾರೆ. ಆದರೆ ಈಗಿನ ನಿಯಮದಂತೆ ಸ್ವಂತ ಕೋರಿಕೆಯ ಮೇಲೆ, ಪಿಂಚಣಿ ಇಲ್ಲದೆ ನಡುವಿನಲ್ಲೇ ಬಿಟ್ಟು ಬಂದವರು ಸೇರುವುದಿಲ್ಲ. ಬಿಎಸ್‌ಎಫ್, ಸಿಆರ್‌ಪಿಎಫ್, ಸಿಐಎಸ್‌ಎಫ್ ಪಡೆಗಳು ಗೃಹ ಇಲಾಖೆಗೆ ಸೇರಿದವು. ಅವರ ಮಕ್ಕಳಿಗೆ ಇದೇ ಹೆಸರಿನ ಬೇರೆ ವಿದ್ಯಾರ್ಥಿವೇತನ ಇದೆ, ಅರ್ಜಿ ಹಾಕುವ ಜಾಗವೂ ಬೇರೆ (ನ್ಯಾಷನಲ್ ಸ್ಕಾಲರ್‌ಶಿಪ್ ಪೋರ್ಟಲ್). ಹೆಸರು ಒಂದೇ ಆಗಿರುವುದರಿಂದ ತಪ್ಪು ಕಡೆ ಅರ್ಜಿ ಹಾಕಿದವರಿದ್ದಾರೆ. ನಮ್ಮಲ್ಲಿ 'ಹಡಗಿನಲ್ಲಿ ಕೆಲಸ' ಎಂದರೆ ಹೆಚ್ಚಾಗಿ ಮರ್ಚೆಂಟ್ ನೇವಿ; ಅದಕ್ಕೂ ನೌಕಾಪಡೆಗೂ ಸಂಬಂಧವಿಲ್ಲ. ಪಣಂಬೂರಿನ ಕಡೆಯವರಿಗೆ ಪರಿಚಿತವಾದ ಕೋಸ್ಟ್ ಗಾರ್ಡ್ ಮಾತ್ರ ಪ್ರಧಾನ ಮಂತ್ರಿ ವಿದ್ಯಾರ್ಥಿವೇತನದಲ್ಲಿ ಹೆಸರು ಹೇಳಿಯೇ ಸೇರಿಸಲ್ಪಟ್ಟಿದೆ.

ಪ್ರಧಾನ ಮಂತ್ರಿ ವಿದ್ಯಾರ್ಥಿವೇತನ

ಇದು 2006-07ರಲ್ಲಿ ಆರಂಭವಾಯಿತು. ಹಣ ರಾಷ್ಟ್ರೀಯ ರಕ್ಷಣಾ ನಿಧಿಯಿಂದ ಬರುತ್ತದೆ. ನಡೆಸುವುದು ದೆಹಲಿಯ ಕೇಂದ್ರೀಯ ಸೈನಿಕ ಮಂಡಳಿ. ವರ್ಷಕ್ಕೆ 5,500 ವಿದ್ಯಾರ್ಥಿವೇತನಗಳು, ಅದರಲ್ಲಿ ಅರ್ಧ ಹುಡುಗಿಯರಿಗೆ, ಅರ್ಧ ಹುಡುಗರಿಗೆ. 2019ರಲ್ಲಿ ಮೊತ್ತ ಹೆಚ್ಚಿಸಿ ಹುಡುಗಿಯರಿಗೆ ತಿಂಗಳಿಗೆ 3,000 ರೂ., ಹುಡುಗರಿಗೆ 2,500 ರೂ. ಎಂದು ಮಾಡಲಾಯಿತು. ಕೋರ್ಸಿನ ಅವಧಿಗೆ ತಕ್ಕಂತೆ ಐದು ವರ್ಷದ ತನಕ ಸಿಗುತ್ತದೆ.

ಷರತ್ತುಗಳನ್ನು ಸರಿಯಾಗಿ ಓದಿಕೊಳ್ಳಬೇಕು. ಕೋರ್ಸು ವೃತ್ತಿಪರ ಪದವಿ ಆಗಿರಬೇಕು: ಇಂಜಿನಿಯರಿಂಗ್, ಎಂ.ಬಿ.ಬಿ.ಎಸ್., ದಂತವೈದ್ಯ, ಬಿ.ಎಸ್ಸಿ. ನರ್ಸಿಂಗ್, ಬಿ.ಫಾರ್ಮ, ಬಿ.ಎಡ್., ಬಿಬಿಎ, ಬಿಸಿಎ ಇತ್ಯಾದಿ. ಸ್ನಾತಕೋತ್ತರದಲ್ಲಿ ಎಂಬಿಎ, ಎಂಸಿಎ ಮಾತ್ರ. ಸಾಮಾನ್ಯ ಬಿ.ಎ., ಬಿ.ಕಾಂ.ಗೆ ಇಲ್ಲ. ಅಂಚೆ ಮೂಲಕ ಓದುವವರಿಗೆ, ವಿದೇಶದಲ್ಲಿ ಓದುವವರಿಗೆ ಇಲ್ಲ. ನರ್ಸಿಂಗ್‌ನಲ್ಲಿ ಜಿಎನ್‌ಎಂ ಡಿಪ್ಲೊಮಾ ಆಗಿರುವುದರಿಂದ ಅದಕ್ಕೂ ಇಲ್ಲ. ನಮ್ಮ ಎಷ್ಟೋ ಹುಡುಗಿಯರು ಜಿಎನ್‌ಎಂಗೆ ಸೇರುವುದರಿಂದ, ಸೇರುವ ಮೊದಲೇ ಇದನ್ನು ತಿಳಿದಿರುವುದು ಒಳ್ಳೆಯದು. ಪಿಯುಸಿಯಲ್ಲಿ (ಅಥವಾ ಆ ಕೋರ್ಸಿಗೆ ಬೇಕಾದ ಅರ್ಹತಾ ಪರೀಕ್ಷೆಯಲ್ಲಿ) ಕನಿಷ್ಠ ಶೇ. 60 ಅಂಕ ಬೇಕು. ವಯಸ್ಸು 18ರಿಂದ 25ರ ಒಳಗೆ.

ಮೊದಲ ವರ್ಷಕ್ಕೆ ಸೇರಿದಾಗಲೇ ಅರ್ಜಿ ಹಾಕಬೇಕು. ಎರಡನೇ ವರ್ಷದಲ್ಲಿ ನೆನಪಾದರೆ ಪೂರ್ತಿ ಕೋರ್ಸಿನ ಹಣ ಹೋದಂತೆ. ಸಿಕ್ಕಿದ ಮೇಲೆಯೂ ಪ್ರತಿ ವರ್ಷ ಶೇ. 50 ಅಂಕ ಪಡೆದು ನವೀಕರಿಸಿಕೊಳ್ಳಬೇಕು.

ಅರ್ಜಿಗಳು ಹೆಚ್ಚಾದಾಗ ಸರದಿ ಹೀಗಿರುತ್ತದೆ: ಯುದ್ಧದಲ್ಲಿ ಮಡಿದವರ ಮಕ್ಕಳು ಮತ್ತು ವಿಧವೆಯರು ಮೊದಲು, ನಂತರ ಯುದ್ಧದಲ್ಲಿ ಅಂಗವಿಕಲರಾದವರು, ಸೇವೆಯ ಕಾರಣದಿಂದ ಮರಣ ಹೊಂದಿದವರು, ಸೇವೆಯ ಕಾರಣದಿಂದ ಅಂಗವಿಕಲರಾದವರು, ಶೌರ್ಯ ಪ್ರಶಸ್ತಿ ಪಡೆದವರು, ಕೊನೆಗೆ ಉಳಿದ ಮಾಜಿ ಸೈನಿಕರ ಮಕ್ಕಳು. ಈ ಕೊನೆಯ ವರ್ಗದಲ್ಲಿ ಅಧಿಕಾರಿ ದರ್ಜೆಯವರ ಮಕ್ಕಳಿಗೆ ಅವಕಾಶವಿಲ್ಲ. ಸಾಧಾರಣ ಕುಟುಂಬಗಳು ಬರುವುದು ಇದೇ ಕೊನೆಯ ವರ್ಗದಲ್ಲಿ, ಆದ್ದರಿಂದ ಅಂಕಗಳೇ ಮುಖ್ಯವಾಗುತ್ತವೆ.

ರಕ್ಷಣಾ ಮಂತ್ರಿಗಳ ಮಾಜಿ ಸೈನಿಕರ ಕಲ್ಯಾಣ ನಿಧಿ

ಇದರ ಬಗ್ಗೆ ನಮ್ಮ ಜನರಿಗೆ ಇನ್ನೂ ಕಡಿಮೆ ಗೊತ್ತು. ಹವಾಲ್ದಾರ್ ಮತ್ತು ಅದಕ್ಕಿಂತ ಕೆಳಗಿನ ಹುದ್ದೆಯಿಂದ ನಿವೃತ್ತರಾದವರಿಗೆ, ಅವರ ವಿಧವೆಯರಿಗೆ ಮಾತ್ರ. ನೌಕಾಪಡೆಯಲ್ಲಿ ಪೆಟಿ ಆಫೀಸರ್, ವಾಯುಪಡೆಯಲ್ಲಿ ಸಾರ್ಜೆಂಟ್ ಹವಾಲ್ದಾರ್‌ಗೆ ಸಮ. ಅಂದರೆ ಸುಬೇದಾರ್ ಆಗಿ ನಿವೃತ್ತರಾದವರ ಮಗಳಿಗೆ ಪ್ರಧಾನ ಮಂತ್ರಿ ವಿದ್ಯಾರ್ಥಿವೇತನ ಕೇಳಬಹುದು, ಇದನ್ನು ಕೇಳಲು ಬರುವುದಿಲ್ಲ.

ಇಲ್ಲಿ ಒಂದನೇ ತರಗತಿಯಿಂದ ಪದವಿಯ ತನಕ ಇಬ್ಬರು ಮಕ್ಕಳಿಗೆ ಸಹಾಯ ಇದೆ. ಬಹಳ ಕಾಲ ತಿಂಗಳಿಗೆ 1,000 ರೂ. ಇತ್ತು. 2025ರ ಅಕ್ಟೋಬರಿನಲ್ಲಿ ಇದನ್ನು 2,000 ರೂ. ಮಾಡಲು ಒಪ್ಪಿಗೆ ಸಿಕ್ಕಿತು. 2025ರ ನವೆಂಬರ್ 1ರಿಂದ ಸಲ್ಲಿಸಿದ ಅರ್ಜಿಗಳಿಗೆ ಹೊಸ ದರ. ಇಬ್ಬರು ಮಕ್ಕಳಿದ್ದರೆ ವರ್ಷಕ್ಕೆ 48,000 ರೂ. ಆಗುತ್ತದೆ. ವಿಧವೆ ತಾನೇ ಎರಡು ವರ್ಷದ ಸ್ನಾತಕೋತ್ತರ ಓದುವುದಾದರೆ ಆಕೆಗೂ ಇದೇ ಮೊತ್ತ. ರಾಜ್ಯ ಸರಕಾರದಿಂದಾಗಲಿ ಈಗಿನ ಉದ್ಯೋಗದಾತರಿಂದಾಗಲಿ ಅದೇ ಮಗುವಿಗೆ ಶಿಕ್ಷಣ ಭತ್ಯೆ ಪಡೆಯುತ್ತಿರಬಾರದು ಎಂಬ ಷರತ್ತು ಇದೆ. ನಿವೃತ್ತಿಯ ನಂತರ ಬ್ಯಾಂಕಿನಲ್ಲಿ ಸೆಕ್ಯುರಿಟಿ ಕೆಲಸಕ್ಕೋ ಸರಕಾರಿ ಕಚೇರಿಗೋ ಸೇರಿದವರು ಇದನ್ನು ಗಮನಿಸಬೇಕು.

ಎರಡರ ನಡುವೆ ಹೇಗೆ ಆರಿಸುವುದು? ಹುಡುಗಿ ಬಿ.ಎಸ್ಸಿ. ನರ್ಸಿಂಗ್‌ಗೆ ಸೇರಿದರೆ ಪ್ರಧಾನ ಮಂತ್ರಿ ವಿದ್ಯಾರ್ಥಿವೇತನದಿಂದ ವರ್ಷಕ್ಕೆ 36,000 ರೂ., ಆದರೆ ಅಂಕಗಳ ಸ್ಪರ್ಧೆ ಇದೆ. ಬಿ.ಕಾಂ.ಗೆ ಸೇರಿದರೆ ಆ ಬಾಗಿಲು ಮುಚ್ಚಿದೆ, ಕಲ್ಯಾಣ ನಿಧಿಯಿಂದ ವರ್ಷಕ್ಕೆ 24,000 ರೂ. ಇದೆ. ಶಾಲೆಗೆ ಹೋಗುವ ಮಕ್ಕಳಿಗೆ ಕಲ್ಯಾಣ ನಿಧಿ ಒಂದೇ ದಾರಿ. ನನ್ನ ಅಭಿಪ್ರಾಯದಲ್ಲಿ ಬಡ ಕುಟುಂಬಕ್ಕೆ ಹೆಚ್ಚು ಆಧಾರ ಈ ಚಿಕ್ಕ ಮೊತ್ತದ್ದೇ. ಶೇ. 60 ಅಂಕ ಬಾರದ ಮಗುವನ್ನೂ ಇದು ಕೈಬಿಡುವುದಿಲ್ಲ, ಒಂದನೇ ತರಗತಿಯಿಂದಲೇ ಜೊತೆಗಿರುತ್ತದೆ.

ಯುದ್ಧದಲ್ಲಿ ಮಡಿದ, ಕಾಣೆಯಾದ, ಅಂಗವಿಕಲರಾದ ಯೋಧರ ಮಕ್ಕಳಿಗೆ ಇವೆರಡಕ್ಕಿಂತ ಬೇರೆಯಾದ ಸೌಲಭ್ಯವಿದೆ. 1971ರ ಯುದ್ಧದ ನಂತರ ಬಂದ ಈ ಯೋಜನೆಯಲ್ಲಿ ಮಾನ್ಯತೆ ಪಡೆದ ಸಂಸ್ಥೆಗಳಲ್ಲಿ ಪದವಿ ತನಕ ಬೋಧನಾ ಶುಲ್ಕ ಪೂರ್ತಿ ಮರಳಿ ಸಿಗುತ್ತದೆ. 2017ರಲ್ಲಿ ತಿಂಗಳಿಗೆ 10,000 ರೂ. ಮಿತಿ ಹಾಕಿದ್ದರು, ಬಹಳ ವಿರೋಧ ಬಂದು 2018ರ ಮಾರ್ಚಿನಲ್ಲಿ ಆ ಮಿತಿಯನ್ನು ತೆಗೆದುಹಾಕಲಾಯಿತು.

ಹಣವಲ್ಲದೆ ಸೀಟುಗಳ ವಿಷಯವೂ ಇದೆ. ಸೈನಿಕ ಶಾಲೆಗಳಲ್ಲಿ ಸೇವೆಯಲ್ಲಿರುವ ಮತ್ತು ಮಾಜಿ ಸೈನಿಕರ ಮಕ್ಕಳಿಗೆ ಶೇ. 25 ಮೀಸಲು. ನಮ್ಮ ರಾಜ್ಯದಲ್ಲಿ ವಿಜಯಪುರ ಮತ್ತು ಕೊಡಗಿನ ಕೂಡಿಗೆಯಲ್ಲಿ ಇಂಥ ಶಾಲೆಗಳಿವೆ. ಸಿಇಟಿಯಲ್ಲೂ ರಕ್ಷಣಾ ಸಿಬ್ಬಂದಿ ಹಾಗೂ ಮಾಜಿ ಸೈನಿಕರ ಮಕ್ಕಳಿಗೆ ವಿಶೇಷ ವರ್ಗವಿದೆ; ಅರ್ಜಿ ತುಂಬುವಾಗಲೇ ಆ ಕಾಲಂ ಗುರುತಿಸಬೇಕು.

ಟೆರಿಟೋರಿಯಲ್ ಆರ್ಮಿಯವರ ಸ್ಥಿತಿ

ಟೆರಿಟೋರಿಯಲ್ ಆರ್ಮಿ ನಾಗರಿಕರ ಸೇನೆ. 1948ರ ಕಾಯಿದೆಯಿಂದ ಹುಟ್ಟಿ 1949ರ ಅಕ್ಟೋಬರ್ 9ರಂದು ರಾಜಾಜಿಯವರಿಂದ ಉದ್ಘಾಟನೆಗೊಂಡಿತು. ಇದರಲ್ಲಿರುವವರು ತಮ್ಮ ಉದ್ಯೋಗ ಮಾಡಿಕೊಂಡೇ ವರ್ಷದಲ್ಲಿ ಕೆಲವು ಕಾಲ ತರಬೇತಿಗೆ ಹೋಗುತ್ತಾರೆ, ಕರೆ ಬಂದಾಗ ಪೂರ್ಣಾವಧಿ ಸೇವೆಗೆ ಹೋಗುತ್ತಾರೆ. ಕೆಲವರು ಹೀಗೆ ವರ್ಷಗಟ್ಟಲೆ ಗಡಿಯಲ್ಲಿ ಇದ್ದು ಬಂದವರು.

ಆದರೂ ಎಲ್ಲರಿಗೂ ಮಾಜಿ ಸೈನಿಕರ ಸ್ಥಾನ ಸಿಗುವುದಿಲ್ಲ. ಕರೆಯ ಮೇಲಿನ ಪೂರ್ಣಾವಧಿ ಸೇವೆಯಿಂದ ಪಿಂಚಣಿ ಗಳಿಸಿದವರಿಗೆ, ಸೇವೆಯ ಕಾರಣದಿಂದ ಅಂಗವಿಕಲರಾದವರಿಗೆ, ಶೌರ್ಯ ಪ್ರಶಸ್ತಿ ಪಡೆದವರಿಗೆ ಮಾತ್ರ. ಜವಾನರಿಗೆ ಪಿಂಚಣಿ ಬರಬೇಕಾದರೆ ಅಂಥ ಸೇವೆ ಒಟ್ಟು 15 ವರ್ಷ ಆಗಬೇಕು. ಹತ್ತು ಹನ್ನೆರಡು ವರ್ಷ ಆದವರ ಮಕ್ಕಳಿಗೆ ಮೇಲೆ ಹೇಳಿದ ಎರಡು ಸಹಾಯಗಳೂ ಇಲ್ಲ. ಇದು ನ್ಯಾಯವೇ ಎಂದು ಕೇಳಿದರೆ ಉತ್ತರಿಸುವುದು ಕಷ್ಟ. ಅಂಥವರು ತಮ್ಮ ಸೇವಾ ದಾಖಲೆಯಲ್ಲಿ ಪೂರ್ಣಾವಧಿ ದಿನಗಳು ಒಂದೂ ಬಿಟ್ಟುಹೋಗದಂತೆ ಬರೆಸಿಕೊಳ್ಳಬೇಕು. ಎರಡು ಮೂರು ತಿಂಗಳ ಕೊರತೆ ಎಂದು ಹೇಳಿದ ಕಡೆ ದಾಖಲೆ ತೆಗೆಸಿ ನೋಡುವುದು ವ್ಯರ್ಥವಲ್ಲ.

ಹಿಂದೆ ಭೂಸೇನೆಯಲ್ಲಿ ಏಳು ವರ್ಷ ಸೇವೆ, ಎಂಟು ವರ್ಷ ರಿಸರ್ವ್ ಎಂಬ ಪದ್ಧತಿಯಿತ್ತು. ಹೀಗೆ 15 ವರ್ಷ ತುಂಬಿ ರಿಸರ್ವಿಸ್ಟ್ ಪಿಂಚಣಿ ಪಡೆದ ಹಿರಿಯರು ಮಾಜಿ ಸೈನಿಕರೇ. ಅವರ ಮಕ್ಕಳು ಈಗ ಓದುವ ವಯಸ್ಸು ದಾಟಿದ್ದಾರೆ.

ಅಗ್ನಿವೀರರು

2022ರ ಜೂನ್‌ನಲ್ಲಿ ಪ್ರಕಟವಾದ ಅಗ್ನಿಪಥ ಯೋಜನೆಯಲ್ಲಿ ನಾಲ್ಕು ವರ್ಷ ಸೇವೆ. ಅದರ ನಂತರ ಶೇ. 25ರ ತನಕ ಮಾತ್ರ ಕಾಯಂ. ಉಳಿದವರಿಗೆ ಪಿಂಚಣಿ ಇಲ್ಲ, ಮಾಜಿ ಸೈನಿಕರ ಸ್ಥಾನವೂ ಇಲ್ಲ. ಆದ್ದರಿಂದ ನಾಳೆ ಅವರ ಮಕ್ಕಳಿಗೆ ಮೇಲಿನ ವಿದ್ಯಾರ್ಥಿವೇತನಗಳನ್ನು ಕೇಳಲು ಆಧಾರವಿಲ್ಲ. ಮೊದಲ ತಂಡಗಳ ತರಬೇತಿ 2022ರ ಕೊನೆಗೆ ಮತ್ತು 2023ರ ಜನವರಿಯಲ್ಲಿ ಆರಂಭವಾದದ್ದು. ನಾಲ್ಕು ವರ್ಷ ತುಂಬುವುದು 2026ರ ಕೊನೆಯ ಹೊತ್ತಿಗೆ.

ಅವರಿಗಿರುವ ಶಿಕ್ಷಣ ಸೌಲಭ್ಯ ಅವರಿಗೇ. ಹತ್ತನೇ ತರಗತಿ ಮುಗಿಸಿ ಸೇರಿದವರಿಗೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ (ಎನ್‌ಐಒಎಸ್) ಮೂಲಕ ಹನ್ನೆರಡನೇ ತರಗತಿ ಪ್ರಮಾಣಪತ್ರದ ದಾರಿ ಮಾಡಲಾಗಿದೆ. ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾನಿಲಯದ ಮೂರು ವರ್ಷದ ಪದವಿಯಲ್ಲಿ ಅರ್ಧದಷ್ಟು ಕ್ರೆಡಿಟ್ ಸೇನೆಯ ತರಬೇತಿಯಿಂದಲೇ ಸಿಗುತ್ತದೆ, ಉಳಿದರ್ಧ ಓದಿ ಪಾಸಾಗಬೇಕು. ಹೊರಬರುವಾಗ ಸೇವಾ ನಿಧಿ ಎಂದು ಸುಮಾರು 11.71 ಲಕ್ಷ ರೂ. ಒಟ್ಟಿಗೆ ಬರುತ್ತದೆ. ಅದರಲ್ಲಿ ಅರ್ಧ ಅವರದೇ ಸಂಬಳದಿಂದ ತಿಂಗಳಿಗೆ ಶೇ. 30ರಂತೆ ಹಿಡಿದದ್ದು, ಅಷ್ಟೇ ಸರಕಾರದ್ದು, ಮತ್ತೆ ಬಡ್ಡಿ. ಇಪ್ಪತ್ತೆರಡು ಇಪ್ಪತ್ತಮೂರರ ಹುಡುಗನ ಕೈಗೆ ಇಷ್ಟು ಹಣ ಬಂದಾಗ ಮನೆಯವರು ಬೈಕು, ಮನೆ ರಿಪೇರಿ, ಅಕ್ಕನ ಮದುವೆ ಎಂದು ಲೆಕ್ಕ ಹಾಕುವುದು ಸಹಜ. ಆದರೆ ಅವನ ಮುಂದಿನ ಓದಿಗೂ ಅದೇ ಗಂಟಿನಿಂದ ಸ್ವಲ್ಪ ತೆಗೆದಿಡುವುದು ಒಳ್ಳೆಯದು.

ಹದಿನೈದು ವರ್ಷ ದುಡಿದು ಬಂದ ಮೆಟ್ರಿಕ್ ಪಾಸಾದ ಸೈನಿಕನನ್ನು ಕೇಂದ್ರದ ಗ್ರೂಪ್ ಸಿ ಹುದ್ದೆಗಳಿಗೆ ಪದವೀಧರನೆಂದು ಪರಿಗಣಿಸುವ ನಿಯಮವಿದೆ. ನಾಲ್ಕು ವರ್ಷದವನಿಗೆ ಆ ಅನುಕೂಲವಿಲ್ಲದ್ದರಿಂದ, ಸೇವೆಯಲ್ಲಿರುವಾಗಲೇ ಪದವಿಗೆ ನೋಂದಾಯಿಸಿಕೊಳ್ಳುವುದು ಅವನಿಗೆ ಹೆಚ್ಚು ಅಗತ್ಯ.

ಅಮೇರಿಕದಲ್ಲಿ 1944ರ ಕಾಯಿದೆಯಿಂದಲೂ ಸೈನಿಕ ತಾನೇ ಕಾಲೇಜಿಗೆ ಹೋಗಲು ಸರಕಾರ ಫೀಸು ಕೊಡುತ್ತ ಬಂದಿದೆ. ರಿಸರ್ವ್ ಪಡೆಯವರಿಗೂ ಪ್ರತ್ಯೇಕ ಯೋಜನೆಯಿದೆ. ನಮ್ಮಲ್ಲಿ ಸಹಾಯ ಮುಖ್ಯವಾಗಿ ಮಕ್ಕಳಿಗೆ. ಅಗ್ನಿವೀರರ ವಿಷಯದಲ್ಲಿ ಮಾತ್ರ ಅದು ಸೈನಿಕನ ಕಡೆಗೆ ತಿರುಗಿದೆ.

ಹೆಸರಿನ ತೊಂದರೆ

ಅರ್ಜಿ ಕೇಂದ್ರೀಯ ಸೈನಿಕ ಮಂಡಳಿಯ ಜಾಲತಾಣದಲ್ಲಿ ಹಾಕಬೇಕು. ಮಾಜಿ ಸೈನಿಕರು ಅಥವಾ ವಿಧವೆ ಮೊದಲು ತಮ್ಮ ಹೆಸರಿನಲ್ಲಿ ನೋಂದಾಯಿಸಿಕೊಳ್ಳಬೇಕು. ಪರಿಶೀಲನೆ ಮಾಡುವುದು ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಸ್ಥಳೀಯ ಕಚೇರಿ. ಮಂಗಳೂರಿನಲ್ಲಿ ಅಂಥ ಕಚೇರಿ ಇದೆ. ಡಿಸ್ಚಾರ್ಜ್ ಪುಸ್ತಕ, ಪಿಂಚಣಿ ಆದೇಶ (ಪಿಪಿಒ), ಗುರುತು ಚೀಟಿ, ಅಂಕಪಟ್ಟಿ, ಕಾಲೇಜಿನ ದೃಢೀಕರಣ, ವಿದ್ಯಾರ್ಥಿಯ ಹೆಸರಿನ ಬ್ಯಾಂಕ್ ಖಾತೆ, ಆಧಾರ್ ಬೇಕಾಗುತ್ತವೆ. ರಾಜ್ಯ ಇಲಾಖೆಯ ವಿದ್ಯಾರ್ಥಿವೇತನದ ಬಗ್ಗೆಯೂ ಅದೇ ಕಚೇರಿಯಲ್ಲಿ ಕೇಳಬಹುದು.

ನಮ್ಮ ಕ್ರೈಸ್ತ ಕುಟುಂಬಗಳು ಎಡವುವುದು ಹೆಚ್ಚಾಗಿ ಹೆಸರಿನಲ್ಲಿ. ಸೇನೆಯ ದಾಖಲೆಯಲ್ಲಿ 'ಡಿಸೋಜ' ಒಂದೇ ಪದ, ಅಂಕಪಟ್ಟಿಯಲ್ಲಿ 'ಡಿ' ನಂತರ ಚಿಹ್ನೆ, ಆಧಾರಿನಲ್ಲಿ ಬಿಡಿಸಿ ಬರೆದದ್ದು. ಜ್ಞಾನಸ್ನಾನದ ಹೆಸರು ಒಂದು, ಶಾಲೆಯ ಹೆಸರು ಇನ್ನೊಂದು. ರಜೆಯಲ್ಲಿ ಬಂದು ಹೋದ ಅಪ್ಪ ಮಗು ಹುಟ್ಟಿದ್ದನ್ನು ಘಟಕದಲ್ಲಿ ತಿಳಿಸದೆ, ಮಗುವಿನ ಹೆಸರೇ ದಾಖಲೆಯಲ್ಲಿ ಇಲ್ಲದಿರುವುದೂ ಉಂಟು. ಚರ್ಚಿನ ಜ್ಞಾನಸ್ನಾನ ಪತ್ರ ಇದಕ್ಕೆ ಸಾಕಾಗುವುದಿಲ್ಲ. ಸರಕಾರಿ ಜನನ ಪ್ರಮಾಣಪತ್ರ ಅಥವಾ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಪ್ರಮಾಣಪತ್ರ (ಅಫಿಡವಿಟ್) ಸಹಿತ ರೆಕಾರ್ಡ್ ಆಫೀಸಿಗೆ ಬರೆದು ತಿದ್ದಿಸಬೇಕು. ಭೂಸೇನೆಯಲ್ಲಿ ಪ್ರತಿ ರೆಜಿಮೆಂಟಿಗೆ ಬೇರೆ ಬೇರೆ ರೆಕಾರ್ಡ್ ಆಫೀಸು, ನೌಕಾಪಡೆಯದು ಮುಂಬಯಿಯಲ್ಲಿ, ವಾಯುಪಡೆಯದು ದೆಹಲಿಯ ಸುಬ್ರತೊ ಪಾರ್ಕಿನಲ್ಲಿ. ಇದಕ್ಕೆ ತಿಂಗಳುಗಳೇ ಹಿಡಿಯುವುದರಿಂದ, ಮಗು ಎಸ್‌ಎಸ್‌ಎಲ್‌ಸಿಯಲ್ಲಿರುವಾಗಲೇ ಶುರು ಮಾಡಿದರೆ ಕಾಲೇಜಿನ ಹೊತ್ತಿಗೆ ಕಾಗದ ಸರಿಯಾಗಿರುತ್ತದೆ.

ಆರಂಭದಲ್ಲಿ ಹೇಳಿದ ತಾಯಿಯ ಚಿಕ್ಕ ಮಗಳ ಹೆಸರೂ ಡಿಸ್ಚಾರ್ಜ್ ಪುಸ್ತಕದಲ್ಲಿ ಇರಲಿಲ್ಲ. ಅದನ್ನು ಸೇರಿಸಲು ಆರು ತಿಂಗಳಿಗಿಂತ ಹೆಚ್ಚು ಬೇಕಾಯಿತು. ಅಕ್ಕನ ಫೀಸಿಗೆ ಆ ವರ್ಷ ಧರ್ಮಕೇಂದ್ರದ ನಿಧಿಯಿಂದಲೇ ಕೊಡಲಾಯಿತು. ತಂಗಿಯ ಅರ್ಜಿ ಸಕಾಲಕ್ಕೆ ಹೋಯಿತು.