ಗಾಯಕ್ಕೆ ಕಮ್ಯುನಿಸ್ಟ್ ಸೊಪ್ಪು: ಮೊದಲು ಪರೀಕ್ಷಿಸಿದ್ದು ಯಾರು?

ಕಕ್ಕಿಂಜೆಯಿಂದ ಚಾರ್ಮಾಡಿ ಕಡೆಗೆ ಹೋಗುವಾಗ ರಸ್ತೆ ಬದಿ, ರಬ್ಬರ್ ತೋಟದ ಅಂಚು, ಪಾಳುಬಿದ್ದ ಗುಡ್ಡೆ, ಎಲ್ಲಿ ನೋಡಿದರೂ ಒಂದು ಗಿಡ ಕಾಣುತ್ತದೆ. ನಮ್ಮ ಕಡೆ ಅದು ಕಮ್ಯುನಿಸ್ಟ್ ಗಿಡ. ಸೊಪ್ಪು ಕಡಿಯುವಾಗ ಕತ್ತಿ ತಾಗಿದರೆ ಅದರ ನಾಲ್ಕು ಎಲೆ ಕಿತ್ತು, ಅಂಗೈಯಲ್ಲಿ ತಿಕ್ಕಿ, ರಸವನ್ನು ಗಾಯಕ್ಕೆ ಹಿಂಡುವುದು ಮಕ್ಕಳಿಗೂ ಗೊತ್ತು. ಉರಿಯುತ್ತದೆ, ರಕ್ತ ನಿಲ್ಲುತ್ತದೆ. ಇದು ಅಜ್ಜಂದಿರ ಕಾಲದ ಮದ್ದು ಎಂದೇ ನಾವೆಲ್ಲ ಕೇಳಿಕೊಂಡು ಬೆಳೆದದ್ದು.

ಅಜ್ಜಂದಿರ ಕಾಲದ್ದು ನಿಜ. ಆದರೆ ಅದಕ್ಕಿಂತ ಹಿಂದಿನದಲ್ಲ. ಈ ಗಿಡದ ತವರು ಅಮೆರಿಕ ಖಂಡ. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಕ್ರೊಮೊಲೇನಾ ಒಡೊರಾಟಾ, ಹಳೆಯ ಪುಸ್ತಕಗಳಲ್ಲಿ ಯುಪಟೋರಿಯಂ. 1840ರ ದಶಕದಲ್ಲಿ ಅಲಂಕಾರದ ಗಿಡವಾಗಿ ಕಲ್ಕತ್ತಾದ ಸಸ್ಯೋದ್ಯಾನಕ್ಕೆ ಬಂತು. ಪಶ್ಚಿಮ ಕರಾವಳಿಯಲ್ಲಿ ಹಬ್ಬಿದ್ದು ಎರಡನೇ ಮಹಾಯುದ್ಧದ ಆಸುಪಾಸಿನಲ್ಲಿ. ಅಸ್ಸಾಂ ಕಡೆಯಿಂದ ಮರಳಿದವರ ಜೊತೆ ಬೀಜ ಬಂತೆಂಬ ಮಾತು ಕೇರಳದಲ್ಲಿದೆ. ಅಲ್ಲಿ ಇದು ‘ಕಮ್ಯುನಿಸ್ಟ್ ಪಚ್ಚ’. ಪಕ್ಷದಂತೆ ಬೇಗ ಹರಡಿತು ಎಂದು ಆ ಹೆಸರು. ರಬ್ಬರ್ ಕೃಷಿಗೆಂದು ಕೇರಳದಿಂದ ಬೆಳ್ತಂಗಡಿ ತಾಲೂಕಿಗೆ ಬಂದು ನೆಲೆಸಿದವರೇ ಹೆಸರನ್ನೂ ಮದ್ದನ್ನೂ ತಂದಿರಬಹುದು ಎಂಬುದು ನಮ್ಮ ಊಹೆ.

ಹಾಗಾಗಿ ಸುಶ್ರುತ ಸಂಹಿತೆಯಲ್ಲಿ ಇದನ್ನು ಹುಡುಕಿ ಫಲವಿಲ್ಲ. ಮಲಬಾರಿನ ಗಿಡಮೂಲಿಕೆಗಳನ್ನು 12 ಸಂಪುಟಗಳಲ್ಲಿ ದಾಖಲಿಸಿದ ‘ಹೊರ್ತುಸ್ ಮಲಬಾರಿಕುಸ್’ (1678–1693) ಬರುವಾಗ ಈ ಗಿಡ ಇಲ್ಲಿರಲೇ ಇಲ್ಲ. ಮೈಮೇಲೆ ಹಚ್ಚಿ ನೋಡಿದವರು ಎರಡು ಮೂರು ತಲೆಮಾರಿನ ಕೂಲಿಯವರು, ಸೊಪ್ಪು ತರುವವರು, ದನ ಮೇಯಿಸುವವರು. ಅವರು ಏನನ್ನೂ ಬರೆದಿಡಲಿಲ್ಲ.

ಬರೆದಿಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ಅರಸಿನದ ಕತೆ ಇದೆ. ಗಾಯ ಮಾಯಿಸಲು ಅರಸಿನ ಬಳಸುವ ವಿಧಾನಕ್ಕೆ 1995ರ ಮಾರ್ಚ್‌ನಲ್ಲಿ ಅಮೆರಿಕದ ಮಿಸಿಸಿಪ್ಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ ಪೇಟೆಂಟ್ ಸಿಕ್ಕಿತು. ನಮ್ಮ ಅಡುಗೆಮನೆಯಲ್ಲಿ ಅದು ಇದ್ದದ್ದು ಲೆಕ್ಕಕ್ಕೇ ಬರಲಿಲ್ಲ. ಬೇರೆ ದೇಶದಲ್ಲಿನ ಬಳಕೆ ಅಚ್ಚಾಗಿದ್ದರೆ ಮಾತ್ರ ಸಾಕ್ಷಿ ಎಂದು ಆಗಿನ ಅಮೆರಿಕದ ಕಾನೂನು. ಸಿಎಸ್‌ಐಆರ್ 32 ಬರಹಗಳನ್ನು ಹುಡುಕಿ ಮುಂದಿಟ್ಟಿತು. ಭಾರತೀಯ ವೈದ್ಯಕೀಯ ಸಂಘದ ಪತ್ರಿಕೆಯ 1953ರ ಲೇಖನವೂ ಅದರಲ್ಲಿತ್ತು. 1997ರಲ್ಲಿ ಪೇಟೆಂಟ್ ಬಿತ್ತು. ಅರಸಿನಕ್ಕೆ ಗ್ರಂಥಗಳ ಬೆಂಬಲವಿತ್ತು. ಕಮ್ಯುನಿಸ್ಟ್ ಸೊಪ್ಪಿಗೆ ಅಂಥದ್ದೇನಿತ್ತು?

ಪ್ರಯೋಗಾಲಯದವರು ನೋಡುವ ಕ್ರಮ ಬೇರೆ. ಇಲಿಗಳ ಬೆನ್ನಿನಲ್ಲಿ ಒಂದೇ ಅಳತೆಯ ಗಾಯ ಮಾಡಿ, ಒಂದು ಗುಂಪಿಗೆ ಮದ್ದು ಹಚ್ಚಿ, ಇನ್ನೊಂದನ್ನು ಹಾಗೇ ಬಿಡುತ್ತಾರೆ. ದಿನಬಿಟ್ಟು ದಿನ ಗಾಯದ ಅಂಚನ್ನು ಪಾರದರ್ಶಕ ಹಾಳೆಯಲ್ಲಿ ಬರೆದು ಎಷ್ಟು ಕುಗ್ಗಿತೆಂದು ಅಳೆಯುತ್ತಾರೆ. ಕೊಯ್ದು ಹೊಲಿದ ಗಾಯವಾದರೆ, ಕೂಡಿಕೊಂಡ ಚರ್ಮ ಮತ್ತೆ ಬಿಡಲು ಎಷ್ಟು ಭಾರ ಬೇಕು ಎಂದು ನೋಡುತ್ತಾರೆ. ಹಚ್ಚದಿದ್ದರೂ ಗಾಯ ಮಾಯುತ್ತದಲ್ಲ, ಅದಕ್ಕೇ ಎರಡನೆಯ ಗುಂಪು. ನಮ್ಮ ಗುಡ್ಡೆಯ ಪರೀಕ್ಷೆಯಲ್ಲಿ ಇಲ್ಲದಿದ್ದದ್ದು ಇದೊಂದೇ. ಮಣಿಪಾಲದ ಕಸ್ತೂರ್ಬಾ ಮೆಡಿಕಲ್ ಕಾಲೇಜಿನ ಸಂಶೋಧಕರು 1990ರ ದಶಕದಲ್ಲಿ ಲೋಳೆಸರ, ನುಗ್ಗೆಗಳನ್ನು ಹೀಗೆ ಪರೀಕ್ಷಿಸಿದ್ದರು.

ಕಮ್ಯುನಿಸ್ಟ್ ಸೊಪ್ಪನ್ನು ಪ್ರಯೋಗಾಲಯಕ್ಕೆ ಒಯ್ದದ್ದು ವಿಯೆಟ್ನಾಂನವರು. ಅಲ್ಲೂ ಅದು ಹೊರಗಿನದೇ, ‘ಲಾವೋಸಿನ ಹುಲ್ಲು’ ಎಂದು ಹೆಸರು. ಗಾಯ, ಸುಟ್ಟಗಾಯಗಳಿಗೆ ಎಲೆಯ ಸಾರದಿಂದ ‘ಯುಪೋಲಿನ್’ ಎಂಬ ಔಷಧ ಮಾಡಿದರು. ಗಾಯ ಕೂಡಿಸುವ ಚರ್ಮದ ಜೀವಕೋಶಗಳು ಆ ಸಾರದಲ್ಲಿ ಹೆಚ್ಚು ಬೆಳೆಯುತ್ತವೆ ಎಂದು ವಿಯೆಟ್ನಾಂ ಮೂಲದ ಸಂಶೋಧಕರೊಬ್ಬರು ಆಕ್ಸ್‌ಫರ್ಡಿನ ಸಹೋದ್ಯೋಗಿಗಳ ಜೊತೆ 1998ರಲ್ಲಿ ಪ್ರಕಟಿಸಿದರು. ರಕ್ತ ನಿಲ್ಲಿಸುವ ಗುಣವನ್ನು ಥಾಯ್ಲೆಂಡಿನವರು ತೋರಿಸಿದರು.

ಗಾಜಿನ ತಟ್ಟೆಯ ಜೀವಕೋಶ ಬೇರೆ, ಮಣ್ಣು ಮೆತ್ತಿದ ಕಾಲು ಬೇರೆ. ಈ ಗಿಡದ ಹೂವು, ಬೇರುಗಳಲ್ಲಿ ಯಕೃತ್ತಿಗೆ ವಿಷವಾಗುವ ಅಂಶಗಳಿವೆ, ಆದ್ದರಿಂದ ಕಷಾಯ ಮಾಡಿ ಕುಡಿಯುವ ಹುಚ್ಚು ಬೇಡ. ಧನುರ್ವಾಯುವನ್ನು ಎಲೆರಸ ತಡೆಯುವುದಿಲ್ಲ. ಕತ್ತಿಯ ಗಾಯಕ್ಕೆ ಸೊಪ್ಪು ಹಿಂಡಿದವರೂ ಟಿಟಿ ಇಂಜೆಕ್ಷನ್ನಿಗೆ ಆಸ್ಪತ್ರೆಯ ದಾರಿ ಹಿಡಿಯಲೇಬೇಕು.